ಕಡಲ ದಂಡೆಯಲ್ಲಿ ಮೂರು ನಡಿಗೆ: ಸಿದ್ಧತೆಯ ಪಾಠ

ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಹೈದರಾಬಾದಿಗೆ ಬಂದು ನೆಲೆಸಿರುವ ನಮ್ಮ ಓದುಗರಲ್ಲಿ ಬಹು ಮಂದಿಗೆ ಕಡಲೆಂಬುದು ಪುಸ್ತಕದಲ್ಲಿ ಓದಿದ, ಸಿನಿಮಾದಲ್ಲಿ ಕಂಡ ವಸ್ತು. ನಾವು ಹುಟ್ಟಿದ ನೆಲವೂ ದುಡಿಯುವ ನೆಲವೂ ಕಡಲಿನಿಂದ ದೂರದ ಪೀಠಭೂಮಿ. ಈ ನಗರವೇ ಸಮುದ್ರಮಟ್ಟದಿಂದ ಸುಮಾರು ೫೦೦ ಮೀಟರ್ ಎತ್ತರದಲ್ಲಿದೆ. ನೀರೆಂದರೆ ನಮಗೆ ಕೆರೆ, ಬಾವಿ, ಹೆಚ್ಚೆಂದರೆ ಭೀಮೆ ಕೃಷ್ಣೆಯರು. ಅವುಗಳ ನೀರು ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಕಡಲಾದರೋ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಈ ಒಂದು ಸಂಗತಿಯನ್ನು ಅರಿಯದೆ ದಂಡೆಗೆ ಹೋಗುವುದು ಕ್ಷೇಮವಲ್ಲ.

ಇದನ್ನು ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಅವರೂ ನಮ್ಮ ಹಾಗೆಯೇ ಬಯಲುಸೀಮೆಯವರು. ನಮ್ಮವರಲ್ಲಿ ಕೆಲವರು ಈ ಚಳಿಗಾಲದಲ್ಲಿ ಉತ್ತರ ಕನ್ನಡದ ದಂಡೆಯ ಗುಂಟ ನಡೆದು ಗೋಕರ್ಣ ಸೇರಬೇಕೆಂದು ಮಾತಾಡಿಕೊಳ್ಳುತ್ತಿರುವುದು ನಮ್ಮ ಕಿವಿಗೆ ಬಿದ್ದಿದೆ. ಬಹಳ ಒಳ್ಳೆಯ ಸಂಕಲ್ಪ. ಅಂಥವರಿಗಾಗಿ ಈ ಪಾಠ.

ಮೊದಲ ಮಾತು: ವೇಳೆ ನಮ್ಮದಲ್ಲ, ನೀರಿನದು

ಗುಡ್ಡ ಹತ್ತುವವನು ದೂರವನ್ನೂ ಏರನ್ನೂ ಲೆಕ್ಕ ಹಾಕುತ್ತಾನೆ. ದಂಡೆಯಲ್ಲಿ ನಡೆಯುವವನು ಅದಕ್ಕೂ ಮೊದಲು ನೀರಿನ ವೇಳೆಯನ್ನು ಲೆಕ್ಕ ಹಾಕತಕ್ಕದ್ದು. ಕಾರಣವಿಷ್ಟೆ. ನೀರು ಇಳಿದಾಗ ಅದು ಬಿಟ್ಟುಹೋದ ಹಸಿ ಮರಳು ಗಟ್ಟಿಯಾಗಿರುತ್ತದೆ. ಅದರ ಮೇಲೆ ತಾಸಿಗೆ ನಾಲ್ಕು ಕಿಲೋಮೀಟರ್ ಸುಲಭವಾಗಿ ಸಾಗಬಹುದು. ನೀರು ಏರಿದಾಗ ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಅದರಲ್ಲಿ ಹೆಜ್ಜೆ ಹೂತು, ತಾಸಿಗೆ ಎರಡು ಕಿಲೋಮೀಟರ್ ಹೋದರೂ ದೊಡ್ಡದು. ಅಷ್ಟೇ ಅಲ್ಲ, ಬೆಳಗ್ಗೆ ಕಾಲು ಒದ್ದೆಯಾಗದಂತೆ ದಾಟಿದ ಬಂಡೆಯ ಮೂಲೆಯಲ್ಲಿ ಮಧ್ಯಾಹ್ನ ಎದೆಯೆತ್ತರ ಅಲೆ ಬಡಿಯುತ್ತಿರಬಹುದು. ಹಾದಿ ಅದೇ, ದೂರ ಅದೇ. ವೇಳೆ ಬದಲಾಯಿತು, ಅಷ್ಟೆ.

ಪಂಚಾಂಗದಿಂದ ನೀರಿನ ಲೆಕ್ಕ

ಉಬ್ಬರ ಇಳಿತಗಳಿಗೆ ಮುಖ್ಯ ಕಾರಣ ಚಂದ್ರನ ಸೆಳೆತ, ಅದಕ್ಕೆ ಸೂರ್ಯನ ನೆರವು. ಹುಣ್ಣಿಮೆ ಮತ್ತು ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿಗಳು ಸುಮಾರು ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಚಂದ್ರೋದಯ ದಿನದಿನಕ್ಕೂ ಸರಾಸರಿ ೫೦ ನಿಮಿಷ ತಡವಾಗುವಂತೆ ಉಬ್ಬರವೂ ಅಷ್ಟೇ ತಡವಾಗುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹನ್ನೆರಡು ತಾಸು ೨೫ ನಿಮಿಷ. ನಡುವೆ ಒಂದು ಇಳಿತ.

ಕಾರವಾರದಿಂದ ಹೊನ್ನಾವರದವರೆಗಿನ ದಂಡೆಗೆ ಒಂದು ಸ್ಥೂಲ ಲೆಕ್ಕವನ್ನು ನೆನಪಿಡಿರಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ದಿನ ಬೆಳಗ್ಗೆ ಸುಮಾರು ಐದಕ್ಕೆ ಇಳಿತ, ಹನ್ನೊಂದಕ್ಕೆ ಉಬ್ಬರ, ಸಂಜೆ ಐದು ದಾಟಿದ ಮೇಲೆ ಮತ್ತೆ ಇಳಿತ. ಪಾಡ್ಯಕ್ಕೆ ಬೆಳಗಿನ ಇಳಿತ ಆರಕ್ಕೆ ಹತ್ತು ನಿಮಿಷ ಇರುವಾಗ, ಬಿದಿಗೆಗೆ ಆರು ಗಂಟೆ ನಲವತ್ತಕ್ಕೆ, ತದಿಗೆಗೆ ಏಳೂವರೆಗೆ, ಚೌತಿಗೆ ಎಂಟೂ ಕಾಲಿನ ಮೇಲೆ. ಹೀಗೆ ಮುಂದುವರಿದರೆ ಅಷ್ಟಮಿಯ ಹೊತ್ತಿಗೆ ಇಳಿತವು ನಡುಹಗಲಿನ ಕಡೆಗೆ ಸರಿಯುತ್ತದೆ, ಬಿಸಿಲೂ ಅದೇ ವೇಳೆಗೆ ಬರುತ್ತದೆ. ಆದುದರಿಂದ ನಡೆಯುವವರಿಗೆ ಪಾಡ್ಯದಿಂದ ಚೌತಿಯವರೆಗಿನ ದಿನಗಳು ಒಳ್ಳೆಯವು. ಬೆಳಕು ಹರಿದಾಗ ನೀರು ಇಳಿದಿರುತ್ತದೆ, ಮರಳು ಅಗಲವಾಗಿರುತ್ತದೆ, ಬಿಸಿಲು ಏರುವುದರೊಳಗೆ ಮುಕ್ಕಾಲು ಹಾದಿ ಮುಗಿಯುತ್ತದೆ.

ಇದು ಕೈಬೆರಳಿನ ಲೆಕ್ಕ. ಅರ್ಧ ತಾಸು ಹೆಚ್ಚುಕಡಿಮೆ ಆದೀತು. ಹೊರಡುವ ಮುನ್ನ ಕಾರವಾರದ ಉಬ್ಬರ ಇಳಿತದ ಪಟ್ಟಿಯೊಡನೆ ತಾಳೆ ನೋಡತಕ್ಕದ್ದು. ಇಲ್ಲಿ ನಮ್ಮ ಓದುಗರಿಗೆ ಒಂದು ಸಂತೋಷದ ಸಂಗತಿಯನ್ನು ತಿಳಿಸಬೇಕು. ಭಾರತದ ಕಡಲುಗಳ ಸಮಾಚಾರವನ್ನು ದಿನವೂ ದೇಶಕ್ಕೆ ಹೇಳುವ ಸಂಸ್ಥೆ ಯಾವ ಬಂದರಿನಲ್ಲೂ ಇಲ್ಲ, ನಮ್ಮ ಹೈದರಾಬಾದಿನಲ್ಲೇ ಇದೆ. ನಿಜಾಂಪೇಟೆಯ ಪ್ರಗತಿನಗರದಲ್ಲಿರುವ, ‘ಇನ್‌ಕಾಯಿಸ್’ ಎಂದು ಕರೆಯುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ೧೯೯೯ರಲ್ಲಿ ಸ್ಥಾಪನೆಯಾಯಿತು. ೨೦೦೪ರ ಸುನಾಮಿಯ ತರುವಾಯ, ೨೦೦೭ರಲ್ಲಿ, ಸುನಾಮಿ ಮುನ್ನೆಚ್ಚರಿಕೆಯ ಕೇಂದ್ರವೂ ಅಲ್ಲಿಯೇ ಆರಂಭವಾಯಿತು. ಅಲೆಯ ಎತ್ತರ, ಉಬ್ಬರ, ಎಚ್ಚರಿಕೆಗಳೆಲ್ಲ ಅವರ ಜಾಲತಾಣದಲ್ಲಿ ಧರ್ಮಾರ್ಥವಾಗಿ ಸಿಗುತ್ತವೆ. ಮೊಬೈಲಿನಲ್ಲಿ ನೋಡಲು ಬಾರದವರು ಬಲ್ಲ ಗೆಳೆಯರಿಂದ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿರಿ.

ಅಲೆ ಬೇರೆ, ಉಬ್ಬರ ಬೇರೆ ಎಂಬುದನ್ನೂ ತಿಳಿಯಬೇಕು. ದಕ್ಷಿಣದ ದೂರ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಕೆಲವು ದಿನಗಳ ತರುವಾಯ ಇಲ್ಲಿ, ಆಕಾಶ ತಿಳಿಯಾಗಿರುವಾಗಲೇ, ದಂಡೆಗೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ; ಕಳ್ಳನಂತೆ ಬರುವ ಕಡಲು. ಅದರ ಎಚ್ಚರಿಕೆ ಇರುವ ದಿನ ದಂಡೆಗೆ ಇಳಿಯಕೂಡದು.

ಯಾವ ತಿಂಗಳು, ಎಷ್ಟು ರಜೆ

ಜೂನಿನಿಂದ ಸೆಪ್ಟೆಂಬರದವರೆಗೆ ಮಳೆಗಾಲ. ಆಗ ಈ ನಡಿಗೆಯ ಮಾತೇ ಬೇಡ. ಜೂನ್ ಒಂದರಿಂದ ಜುಲೈ ೩೧ರವರೆಗೆ ಪಡುವಣ ಕಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮಾರ್ಚಿನ ಮೇಲೆ ಸೆಕೆ. ನವೆಂಬರದಿಂದ ಫೆಬ್ರವರಿಯವರೆಗಿನ ನಾಲ್ಕು ತಿಂಗಳು ಯೋಗ್ಯ ಕಾಲ.

ನಮ್ಮಂಥವರಿಗೆ ರಜೆಯೆಂದರೆ ಕೂಲಿ ಕಡಿತ, ಇಲ್ಲವೆ ಮೇಲಧಿಕಾರಿಯ ಮುಖ ನೋಡುವುದು. ಆದುದರಿಂದ ಎರಡೇ ದಿನದ ರಜೆಗೆ ಹೊಂದುವ ಲೆಕ್ಕವನ್ನು ಕೊಡುತ್ತೇವೆ. ಹುಣ್ಣಿಮೆಯೋ ಅಮಾವಾಸ್ಯೆಯೋ ಬುಧವಾರ ಅಥವಾ ಗುರುವಾರ ಬೀಳುವ ವಾರವನ್ನು ಪಂಚಾಂಗದಲ್ಲಿ ಹುಡುಕಿರಿ. ಗುರುವಾರ ಕೆಲಸ ಮುಗಿಸಿ ರಾತ್ರಿಯ ಬಸ್ಸಿಗೆ ಹುಬ್ಬಳ್ಳಿ. ಅಲ್ಲಿಂದ ಬೆಳಗಿನ ಬಸ್ಸಿಗೆ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಯ ಮೇಲಿಂದ ಕುಮಟಾ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ತಲುಪಬಹುದು. ಭಾನುವಾರ ಸಂಜೆ ಗೋಕರ್ಣದಿಂದ ಹೊರಟರೆ ಸೋಮವಾರ ಹೈದರಾಬಾದು. ರಜೆ ಬೇಕಾದುದು ಶುಕ್ರವಾರ, ಸೋಮವಾರ ಮಾತ್ರ.

ಮೂರು ನಡಿಗೆಗಳು

ಮೊದಲನೆಯದು ಶುಕ್ರವಾರ ಸಂಜೆ, ಧಾರೇಶ್ವರದಿಂದ ಕುಮಟಾ, ಸುಮಾರು ೮ ಕಿ.ಮೀ. ಗೋಕರ್ಣದ ಆತ್ಮಲಿಂಗದ ಕಥೆಯಲ್ಲಿ ಬರುವ ಐದು ಕ್ಷೇತ್ರಗಳಲ್ಲಿ ಧಾರೇಶ್ವರವೂ ಒಂದು. ಮಧ್ಯಾಹ್ನ ಮೂರೂವರೆಗೆ ಹೊರಟರೆ ನೀರು ಇಳಿಯುತ್ತಿರುತ್ತದೆ, ಕತ್ತಲಾಗುವುದರೊಳಗೆ ಕುಮಟಾ. ಇದು ಕಾಲಿಗೆ ಅಭ್ಯಾಸದ ನಡಿಗೆ. ಬಸ್ಸು ತಡವಾದರೆ ಇದನ್ನು ಬಿಟ್ಟುಬಿಡಿರಿ. ಕತ್ತಲಲ್ಲಿ ದಂಡೆಯ ಮೇಲೆ ಇರಬಾರದು.

ಎರಡನೆಯದು ಶನಿವಾರ, ಕುಮಟಾದಿಂದ ಅಘನಾಶಿನಿ ಗ್ರಾಮ, ಸುಮಾರು ೧೫ ಕಿ.ಮೀ. ವನ್ನಳ್ಳಿ, ಕಡ್ಲೆ, ಬಾಡ, ಕಾಗಾಲಗಳ ಮೇಲೆ ಹಾದು ಹೋಗಬೇಕು. ಮರಳಿನ ದಂಡೆ, ಅದರಾಚೆ ಕಲ್ಲಿನ ಮೂಗು, ಮತ್ತೆ ದಂಡೆ, ಹೀಗೆ ಹಾದಿ ಸಾಗುತ್ತದೆ. ಏರುಪೇರು ಸೇರಿಸಿ ತಾಸಿಗೆ ಮೂರು ಕಿಲೋಮೀಟರಿನಂತೆ ಐದು ತಾಸು, ವಿಶ್ರಾಂತಿಗೆ ಒಂದೂವರೆ ತಾಸು ಹಿಡಿಯಿರಿ. ಬೆಳಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಒಂದಕ್ಕೆ ಹೊಳೆಯ ದಂಡೆ. ಹತ್ತು ಗಂಟೆಯ ತರುವಾಯ ನೀರು ಏರಿರುವುದರಿಂದ ಊರೊಳಗಿನ ಹಾದಿಯನ್ನೇ ಹಿಡಿಯುವುದು ಲೇಸು.

ಇಲ್ಲಿ ಅಘನಾಶಿನಿ ಹೊಳೆ ಅಡ್ಡ ಬರುತ್ತದೆ. ಶಿರಸಿಯ ಕಡೆ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ಸಿಕ್ಕದೆ ಕಡಲು ಸೇರುವ ನದಿ ಇದು. ಇದನ್ನು ನಡೆದು ದಾಟುವ ಯೋಚನೆ ಯಾವ ಇಳಿತದಲ್ಲಿಯೂ ಬೇಡ. ಆಚೆ ದಡದ ತದಡಿಗೆ ದೋಣಿಯಲ್ಲೇ ಹೋಗತಕ್ಕದ್ದು. ದೋಣಿಯ ವೇಳೆಯನ್ನು ಕುಮಟಾದಲ್ಲೇ ವಿಚಾರಿಸಿರಿ. ಅಂದು ದೋಣಿ ಇಲ್ಲವೆಂದಾದರೆ ಕುಮಟಾಕ್ಕೆ ಹಿಂದಿರುಗಿ, ಹೆದ್ದಾರಿಯಲ್ಲಿ ಮಿರ್ಜಾನ, ಮಾದನಗೇರಿಗಳ ಮೇಲೆ ಬಸ್ಸಿನಲ್ಲಿ ಗೋಕರ್ಣ ಸೇರಬಹುದು. ತದಡಿ ತಲುಪಿದವರು ಬಸ್ಸು ಹಿಡಿದು ಗೋಕರ್ಣಕ್ಕೆ ಹೋಗಿ ತಂಗುವುದು ಅನುಕೂಲ. ಗಂಟುಮೂಟೆಯನ್ನು ಅಲ್ಲಿಯೇ ಇರಿಸಿ, ಮಾರನೆಯ ಬೆಳಗ್ಗೆ ಬಸ್ಸಿನಲ್ಲಿ ತದಡಿಗೆ ಬಂದು ಬರಿಗೈಯಲ್ಲಿ ನಡೆಯಬಹುದು. ಮರಳಿನ ಮೇಲೆ ಡೇರೆ ಹೊಡೆದು ಮಲಗಲು ಎಲ್ಲ ಕಡೆ ಅನುಮತಿ ಇರುವುದಿಲ್ಲ, ಅದರಲ್ಲಿ ಕ್ಷೇಮವೂ ಇಲ್ಲ.

ಮೂರನೆಯದು ಭಾನುವಾರ, ತದಡಿಯಿಂದ ಗೋಕರ್ಣ, ಸುಮಾರು ೧೦ ಕಿ.ಮೀ. ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಂಡೆಗಳು ಒಂದರ ಮೇಲೊಂದು ಬರುತ್ತವೆ. ನಡುವೆ ಗುಡ್ಡದ ಕಾಲುದಾರಿ. ದೂರ ಕಡಿಮೆ, ಆದರೆ ಹತ್ತಿ ಇಳಿಯುವುದು ಹೆಚ್ಚು. ಬಂಡೆಯ ಬುಡವನ್ನು ಸುತ್ತಿ ಹೋಗುವ ಆಸೆಯನ್ನು ಬಿಟ್ಟು ಗುಡ್ಡದ ಮೇಲಿನ ದಾರಿಯನ್ನೇ ಹಿಡಿಯಿರಿ. ಕೊನೆಗೆ ಸಿಗುವುದು ಮಹಾಬಲೇಶ್ವರನ ಊರು, ಗೌರೀಶ ಕಾಯ್ಕಿಣಿಯವರು ಬಾಳಿ ಬರೆದ ಊರು.

ನೀರಿನ ವೇಳೆಗೆ ದುಡಿಯುವವರು

ಈ ಹಾದಿಯಲ್ಲಿ ಕಾಣುವ ದುಡಿಮೆಯೆಲ್ಲ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಮೊಣಕಾಲು ನೀರಿನಲ್ಲಿ ಬಳಚು ಆರಿಸುತ್ತಾರೆ. ನೀರು ಏರುವುದರೊಳಗೆ ಬುಟ್ಟಿ ತುಂಬಬೇಕು. ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಬಿಸಿಲಿಗೆ ಆರಿಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿ ಬೆಳೆಯುವ ಕಗ್ಗವೆಂಬ ಭತ್ತವಿದೆ. ಈ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಸಾಲಿಗೆ, ಸೇರಿತು. ನಾವು ಕಾರ್ಖಾನೆಯ ಸೈರನ್ನಿಗೆ ಏಳುವಂತೆ ಅವರು ನೀರಿನ ಕರೆಗೆ ಏಳುತ್ತಾರೆ. ಆದುದರಿಂದ ದಂಡೆಯ ಮೇಲೆ ಅವರ ಮಾತೇ ಕೊನೆಯ ಮಾತು. “ಅಣ್ಣ, ಈಗ ಈ ಮೂಲೆ ದಾಟಬಹುದೇ?” ಎಂದು ಕೇಳಲು ಸಂಕೋಚಪಡಬೇಡಿರಿ. ಅವರು ಬೇಡವೆಂದರೆ ನಮ್ಮ ಚೀಟಿಯ ಲೆಕ್ಕವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಿರಿ.

ಹೊರೆ ಮತ್ತು ಊಟ

ಬೆನ್ನಿನ ಹೊರೆ ಐದಾರು ಕಿಲೋ ಮೀರಬಾರದು. ಎರಡು ಜೊತೆ ಹತ್ತಿಯ ಬಟ್ಟೆ, ಟವೆಲು, ಟೊಪ್ಪಿಗೆ, ಹಳೆಯ ಬೂಟು, ಬ್ಯಾಟರಿ, ಮೊಬೈಲಿಗೂ ಹಣಕ್ಕೂ ಪ್ಲಾಸ್ಟಿಕ್ ಚೀಲ. ಹೊಸ ಬೂಟು ಬೇಡ, ಹಿಮ್ಮಡಿ ಕಿತ್ತುಬರುತ್ತದೆ. ನೀರು ತಲೆಗೆ ಮೂರು ಲೀಟರು, ಜೊತೆಗೆ ಓ.ಆರ್.ಎಸ್. ಪುಡಿ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ನಾಲ್ಕು ದಿನಕ್ಕೂ ಕೆಡುವುದಿಲ್ಲ, ಹೋಟೆಲಿನ ಖರ್ಚೂ ಉಳಿಯುತ್ತದೆ. ತಂಡದಲ್ಲಿ ನಾಲ್ಕೈದು ಮಂದಿ ಇರಲಿ. ಎಲ್ಲರೂ ನಡೆಯುವುದು ಹಿಂದಿನವನ ವೇಗದಲ್ಲಿ.

ನೀರಿಗೆ ಇಳಿಯುವ ಮಾತು

ಈಜು ಬಾರದವರು ಮೊಣಕಾಲಿನ ಮೇಲೆ ನೀರಿಗೆ ಇಳಿಯಬಾರದು. ಕೆರೆಯಲ್ಲಿ ಈಜಿದವರೂ ಕಡಲಿನಲ್ಲಿ ಹೊಸಬರೇ. ಅಲೆಗಳು ಒಡೆಯುವ ಸಾಲಿನ ನಡುವೆ ಒಂದು ಕಡೆ ಅಲೆಯೇ ಇಲ್ಲದೆ ಶಾಂತವಾಗಿ ಕಂಡರೆ ಅದನ್ನೇ ಹೆಚ್ಚಾಗಿ ಶಂಕಿಸಿರಿ. ದಡಕ್ಕೆ ಬಂದ ನೀರು ಅಲ್ಲಿಂದಲೇ ರಭಸವಾಗಿ ಹಿಂದಕ್ಕೆ ಹೋಗುತ್ತಿರಬಹುದು. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಹೋರಾಡಿ ಸೋಲಬಾರದು. ತೇಲುತ್ತ ಕೈಬೀಸಿ ಕೂಗಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ದಡದಲ್ಲಿರುವವರು ಕೈಹಿಡಿದು ಸಾಲುಗಟ್ಟಿ ಇಳಿಯಕೂಡದು. ಖಾಲಿ ಕ್ಯಾನು, ಹಗ್ಗ, ತೇಲುವ ಏನನ್ನಾದರೂ ಎಸೆಯಬೇಕು. ಸಹಾಯಕ್ಕೆ ೧೧೨, ಕರಾವಳಿ ರಕ್ಷಣಾ ಪಡೆಗೆ ೧೫೫೪. ಸಣ್ಣ ಹಳ್ಳ ಕಡಲು ಸೇರುವಲ್ಲಿಯೂ ಇದೇ ಎಚ್ಚರ: ನೀರು ಮೊಣಕಾಲು ಮೀರಿದರೆ ಸೇತುವೆಯನ್ನು ಹುಡುಕಿರಿ.

ಅಭ್ಯಾಸ

೧. ನಮ್ಮ ವಾಚನಾಲಯದ ಪಂಚಾಂಗವನ್ನು ತೆರೆದು, ನವೆಂಬರದಿಂದ ಫೆಬ್ರವರಿಯವರೆಗೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಬುಧವಾರ, ಗುರುವಾರ ಬೀಳುವ ವಾರಗಳನ್ನು ಬರೆಯಿರಿ.

೨. ಅಮಾವಾಸ್ಯೆ ಗುರುವಾರ ಬಂದರೆ ಶನಿವಾರ ಬೆಳಗಿನ ಇಳಿತ ಎಷ್ಟು ಗಂಟೆಗೆ? ಮುಂದಿನ ಉಬ್ಬರ ಎಷ್ಟಕ್ಕೆ? (ಉತ್ತರ: ಸುಮಾರು ೬-೪೦ ಮತ್ತು ೧೨-೫೦.)

೩. ಅದೇ ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಕುಮಟಾದಿಂದ ಹೊರಟ ತಂಡವು ಯಾವ ಹಾದಿಯನ್ನು ಹಿಡಿಯಬೇಕು, ಏಕೆ?

ಮೂರನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವರು ರಜೆಯ ಅರ್ಜಿಯನ್ನು ಬರೆಯಬಹುದು.