ಇಂಗ್ಲಿಷ್ ಬರವಣಿಗೆಯಲ್ಲಿ ಕ್ರಿಯಾಪದವೂ ಅದರ ಉಪಸರ್ಗವೂ

ಕನ್ನಡದ ಚತುರ್ಥೀ ವಿಭಕ್ತಿಯ ‘ಗೆ’, ‘ಕ್ಕೆ’ ಪ್ರತ್ಯಯಗಳು ಹೊರುವ ಭಾರ ಸಾಮಾನ್ಯವಾದುದಲ್ಲ. ರೈತನು ಹಾನಗಲ್ಲಿಗೆ ಹೋಗುತ್ತಾನೆ, ಬ್ಯಾಂಕಿಗೆ ಅರ್ಜಿ ಕೊಡುತ್ತಾನೆ, ಸಾಲಕ್ಕೆ ಅರ್ಜಿ ಕೊಡುತ್ತಾನೆ, ಬಸ್ಸಿಗೆ ಕಾಯುತ್ತಾನೆ, ಐದು ಗಂಟೆಗೆ ಊರಿಗೆ ತಲುಪುತ್ತಾನೆ. ಇಷ್ಟೆಲ್ಲಕ್ಕೂ ಒಂದೇ ವಿಭಕ್ತಿ ಸಾಕಾಗುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಹೊರಟವನಿಗೆ ಹೋಗುವ ಊರಿಗೆ ‘ಟು’, ಅರ್ಜಿ ಸ್ವೀಕರಿಸುವ ಬ್ಯಾಂಕಿಗೆ ‘ಟು’, ಬೇಡುವ ಸಾಲಕ್ಕೆ ‘ಫಾರ್’, ಕಾಯುವ ಬಸ್ಸಿಗೆ ‘ಫಾರ್’, ಗಂಟೆಗೆ ‘ಆ್ಯಟ್’ ಬೇಕು. ತಲುಪುವ ಊರಿಗಾದರೋ ಯಾವುದೂ ಬೇಡ. ‘ರೀಚ್ಡ್ ಟು ಹಾನಗಲ್’ ಎಂಬುದು ತಪ್ಪು, ‘ರೀಚ್ಡ್ ಹಾನಗಲ್’ ಎಂಬುದು ಸರಿ. ಅದೇ ಅರ್ಥದ ‘ಅರೈವ್’ ಕ್ರಿಯಾಪದವನ್ನು ಬಳಸಿದರೆ ಮಾತ್ರ ‘ಆ್ಯಟ್’ ಅಥವಾ ‘ಇನ್’ ಬಂದೇ ತೀರಬೇಕು.

ಇಂಗ್ಲಿಷಿನ ಈ ಚಿಕ್ಕ ಪದಗಳನ್ನು ಶಾಲಾ ವ್ಯಾಕರಣಗಳು ಉಪಸರ್ಗಗಳೆಂದು ಕರೆಯುತ್ತವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಅನಂತರ ಹಾವೇರಿ ಜಿಲ್ಲೆಗೆ ಸೇರಿದವು. ಇಲ್ಲಿಯ ಹಳ್ಳಿಗಳಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬರುವ ವಿದ್ಯಾರ್ಥಿಯು ಕಾಲವಾಚಕ ರೂಪಗಳನ್ನು ಅಭ್ಯಾಸದಿಂದ ಬಹುಬೇಗ ಸರಿಪಡಿಸಿಕೊಳ್ಳುತ್ತಾನೆ. ಉಪಸರ್ಗದ ದೋಷಗಳಾದರೆ ಪದವಿ ಪಡೆದ ಮೇಲೂ ಅವನ ಬೆನ್ನು ಬಿಡುವುದಿಲ್ಲ. ಇದಕ್ಕೆ ಆಲಸ್ಯವನ್ನು ಕಾರಣವೆಂದು ಹೇಳುವುದು ನ್ಯಾಯವಲ್ಲ. ಅವನು ತಪ್ಪು ಮಾಡುವುದು ತನ್ನ ಭಾಷೆಯ ನಿಯಮವನ್ನು ಚೆನ್ನಾಗಿ ಬಲ್ಲವನಾದ್ದರಿಂದಲೇ. ‘ಅವನ ಮೇಲೆ ಸಿಟ್ಟಾದರು’ ಎಂಬ ಶುದ್ಧ ಕನ್ನಡ ವಾಕ್ಯವು ‘ಆ್ಯಂಗ್ರಿ ಆನ್ ಹಿಮ್’ ಆಗುತ್ತದೆ. ಇಂಗ್ಲಿಷಿನಲ್ಲಿ ‘ಆ್ಯಂಗ್ರಿ ವಿತ್ ಹಿಮ್’ ಎನ್ನಬೇಕು. ‘ಅವಳೊಡನೆ ಮದುವೆಯಾಯಿತು’ ಎಂಬುದು ‘ಮ್ಯಾರೀಡ್ ವಿತ್’ ಆಗುತ್ತದೆ. ಅಲ್ಲಿ ಬೇಕಾದುದು ‘ಮ್ಯಾರೀಡ್ ಟು’.

ಸವಣೂರಿನ ತರಗತಿಗಳಲ್ಲಿ ಇನ್ನೊಂದು ವಿಶೇಷ ಕಂಡುಬರುವುದು ಸಹಜ. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರಿನಲ್ಲಿ ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಉರ್ದುವಿನ ‘ಸೆ’ ಎಂಬ ಪದವು ‘ಫ್ರಮ್’, ‘ವಿತ್’, ‘ಬೈ’ ಮೂರರ ಕೆಲಸವನ್ನೂ ಮಾಡುತ್ತದೆ. ಹೀಗಾಗಿ ಕನ್ನಡದ ಹುಡುಗ ‘ಆನ್ ಹಿಮ್’ ಎಂದು ಬರೆದಲ್ಲಿ ಪಕ್ಕದ ಹುಡುಗ ‘ಫ್ರಮ್ ಹಿಮ್’ ಎಂದು ಬರೆದಾನು. ಇಬ್ಬರ ಉತ್ತರಕ್ಕೂ ಒಂದೇ ಕೆಂಪು ಗೆರೆ ಎಳೆದು ಮುಂದೆ ಹೋಗುವುದಕ್ಕಿಂತ, ಎರಡೂ ತಪ್ಪುಗಳು ಎಲ್ಲಿಂದ ಬಂದವೆಂಬುದನ್ನು ಶಿಕ್ಷಕರು ತೋರಿಸಿಕೊಟ್ಟರೆ ಪಾಠ ನಾಟುತ್ತದೆ.

ವಿಭಕ್ತಿಯ ಈ ಹೊಂದಾಣಿಕೆ ಕನ್ನಡಿಗರಿಗೆ ಹೊಸ ವಿಷಯವೇನೂ ಅಲ್ಲ. ಒಂದು ವಿಭಕ್ತಿ ಬರಬೇಕಾದಲ್ಲಿ ಮತ್ತೊಂದು ಬರುವುದನ್ನು ಕನ್ನಡ ವ್ಯಾಕರಣಕಾರರು ವಿಭಕ್ತಿಪಲ್ಲಟವೆಂದು ಗುರುತಿಸಿದ್ದಾರೆ. 13ನೆಯ ಶತಮಾನದ ಕೇಶಿರಾಜನ ಪರಂಪರೆಯಲ್ಲಿ ವ್ಯಾಕರಣ ಓದಿದವರಿಗೆ ಇದು ಪರಿಚಿತ. ‘ಊರನ್ನು ಸೇರಿದನು’, ‘ಊರಿಗೆ ಸೇರಿದನು’ ಎರಡೂ ಕನ್ನಡದಲ್ಲಿ ನಡೆಯುತ್ತವೆ. ಇಂಗ್ಲಿಷಿಗೆ ಈ ಔದಾರ್ಯ ಬಹಳ ಕಡಿಮೆ. ಕನ್ನಡ ಪಂಡಿತರೂ ಇಂಗ್ಲಿಷ್ ಶಿಕ್ಷಕರೂ ವಾರಕ್ಕೊಂದು ಅವಧಿಯಾದರೂ ಒಂದೇ ತರಗತಿಯಲ್ಲಿ ಕೂಡಿ ಪಾಠ ಮಾಡಿದರೆ ಇದು ಮಕ್ಕಳಿಗೆ ಅರ್ಧ ದಿನದಲ್ಲಿ ತಿಳಿದೀತು. ವೇಳಾಪಟ್ಟಿ ಅದಕ್ಕೆ ಎಡೆಗೊಡುವುದಿಲ್ಲವೆಂಬುದು ಬೇರೆ ಮಾತು.

ಪದವೀಧರರ ಪತ್ರಗಳಲ್ಲಿಯೂ ಕಾಣುವ ದೋಷವೊಂದುಂಟು. ‘ಡಿಸ್ಕಸ್ ಅಬೌಟ್’, ‘ರಿಕ್ವೆಸ್ಟ್ ಫಾರ್’, ‘ಆರ್ಡರ್ ಫಾರ್’, ‘ಎಂಫಸೈಜ್ ಆನ್’, ‘ಎಂಟರ್ ಇಂಟು ದ ರೂಮ್’ ಇವು ಅದರ ಮಾದರಿಗಳು. ಇವುಗಳ ಮೂಲವನ್ನು ವಿಚಾರಿಸಿದರೆ ಒಂದು ಕ್ರಮ ಗೋಚರಿಸುತ್ತದೆ. ಈ ಉಪಸರ್ಗಗಳು ನಾಮಪದಗಳಿಗೆ ಸೇರಿದವು. ‘ಎ ಡಿಸ್ಕಷನ್ ಅಬೌಟ್ ಫೀಸ್’, ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಆ್ಯನ್ ಆರ್ಡರ್ ಫಾರ್ ಬುಕ್ಸ್’, ‘ಎಂಫಸಿಸ್ ಆನ್ ಗ್ರಾಮರ್’ ಎಲ್ಲವೂ ನಿರ್ದುಷ್ಟವಾದ ಇಂಗ್ಲಿಷ್. ಅದೇ ಪದ ಕ್ರಿಯಾಪದವಾದೊಡನೆ ಉಪಸರ್ಗ ಕಳಚಿ ಬೀಳುತ್ತದೆ: ‘ಡಿಸ್ಕಸ್ ದ ಫೀಸ್’, ‘ಆರ್ಡರ್ ದ ಬುಕ್ಸ್’. ಕನ್ನಡದಲ್ಲಿ ‘ಚರ್ಚೆ ಮಾಡು’, ‘ವಿನಂತಿ ಮಾಡು’, ‘ಆರ್ಡರ್ ಮಾಡು’ ಎಂದು ನಾಮಪದವನ್ನು ಹಾಗೆಯೇ ಉಳಿಸಿಕೊಂಡು ‘ಮಾಡು’ ಸೇರಿಸುವುದು ವಾಡಿಕೆ. ಆದಕಾರಣ ನಾಮಪದದ ಬಾಲವೂ ಅದರೊಡನೆ ಕ್ರಿಯಾಪದಕ್ಕೆ ಅಂಟಿಕೊಂಡು ಬರುತ್ತದೆ. ರಜೆಯ ಅರ್ಜಿಯಲ್ಲಿ ‘ಐ ರಿಕ್ವೆಸ್ಟ್ ಫಾರ್ ಲೀವ್’ ಎನ್ನದೆ ‘ಐ ರಿಕ್ವೆಸ್ಟ್ ಯು ಟು ಗ್ರ್ಯಾಂಟ್ ಮಿ ಲೀವ್’ ಎಂದು ಬರೆಯಬೇಕು. ಅಪವಾದವಾಗಿ ಒಪ್ಪಂದ ಮಾಡಿಕೊಳ್ಳುವಾಗ ‘ಎಂಟರ್ ಇಂಟು ಆ್ಯನ್ ಅಗ್ರಿಮೆಂಟ್’ ಎನ್ನುವುದೇ ಸರಿ. ಕೋಣೆಯ ಬಾಗಿಲಲ್ಲಿ ಬೇಡವಾದ ‘ಇಂಟು’ ಕರಾರುಪತ್ರದಲ್ಲಿ ಕಡ್ಡಾಯ.

ಇಲ್ಲಿಯವರೆಗಿನ ತಪ್ಪುಗಳಿಂದ ಬರೆದವನ ಮಾನ ಕೊಂಚ ಕುಂದಬಹುದು, ಅರ್ಥವೇನೂ ಕೆಡುವುದಿಲ್ಲ. ಅರ್ಥವೇ ತಲೆಕೆಳಗಾಗುವ ಪ್ರಸಂಗಗಳ ಕಡೆಗೆ ಶಿಕ್ಷಕರ ಗಮನ ಹೆಚ್ಚಾಗಿ ಹರಿಯಬೇಕು. ಹಾನಗಲ್ಲ ಭಾಗದ ರೈತನೊಬ್ಬನು ಭತ್ತವನ್ನು ಬಿಟ್ಟು ಗೋವಿನಜೋಳ ಬಿತ್ತಿದನೆಂದು ಅವನ ಮಗನು ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾನೆಂದು ಭಾವಿಸೋಣ. ‘ಭತ್ತದ ಬದಲು ಗೋವಿನಜೋಳ’ ಎಂಬ ಕನ್ನಡದ ಕ್ರಮವನ್ನೇ ಹಿಡಿದು ‘ಸಬ್‌ಸ್ಟಿಟ್ಯೂಟೆಡ್ ಪ್ಯಾಡಿ ಫಾರ್ ಮೇಜ್’ ಎಂದು ಬರೆದರೆ, ಗೋವಿನಜೋಳ ತೆಗೆದು ಭತ್ತ ಹಾಕಿದನೆಂದು ಅರ್ಥವಾಗುತ್ತದೆ. ‘ಸಬ್‌ಸ್ಟಿಟ್ಯೂಟ್’ ಕ್ರಿಯಾಪದದೊಡನೆ ಹೊಸದು ಮೊದಲು, ‘ಫಾರ್’ ಆದ ಮೇಲೆ ಹಳೆಯದು. ‘ರಿಪ್ಲೇಸ್’ ಕ್ರಿಯಾಪದಕ್ಕೆ ಹಳೆಯದು ಮೊದಲು, ‘ವಿತ್’ ಆದ ಮೇಲೆ ಹೊಸದು. ಪರಿಹಾರದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಯು ಹೊಲಕ್ಕೆ ಬಂದು ನೋಡಿದರೆ ಅರ್ಜಿಯೊಂದು, ಬೆಳೆಯೊಂದು!

‘ರಿಸಲ್ಟ್’ ಕ್ರಿಯಾಪದವೂ ಇಂಥದೇ. ‘ರಿಸಲ್ಟೆಡ್ ಇನ್’ ಎಂದರೆ ಮುಂದೆ ಬರುವುದು ಪರಿಣಾಮ. ‘ರಿಸಲ್ಟೆಡ್ ಫ್ರಮ್’ ಎಂದರೆ ಮುಂದೆ ಬರುವುದು ಕಾರಣ. ಬೆಳೆಹಾನಿಯು ಅತಿವೃಷ್ಟಿಯಿಂದಾಯಿತು ಎನ್ನಲು ‘ಫ್ರಮ್’ ಬೇಕು. ಅಲ್ಲಿ ‘ಇನ್’ ಬಿದ್ದರೆ ಬೆಳೆ ಹೋದದ್ದರಿಂದ ಮಳೆ ಬಂದಂತಾಗುತ್ತದೆ. ವ್ಯಾಪಾರದ ಪತ್ರಗಳಲ್ಲಿ ‘ಡೀಲ್’ ಕ್ರಿಯಾಪದ ಗಮನಾರ್ಹ. ಸವಣೂರಿನ ಎಲೆಯ ವ್ಯಾಪಾರಿಯು ವೀಳ್ಯದೆಲೆಗಳಲ್ಲಿ ‘ಡೀಲ್ಸ್ ಇನ್’. ತನ್ನ ಗಿರಾಕಿಗಳೊಡನೆ ‘ಡೀಲ್ಸ್ ವಿತ್’. ಮಠಗಳ ವಿಷಯ ಬರೆಯುವವರು ‘ಸಕ್ಸೀಡ್’ ಕ್ರಿಯಾಪದವನ್ನು ನೆನಪಿಡುವುದು ಲೇಸು. ಶ್ರೀಗಳು ಪೀಠಕ್ಕೆ ಬಂದರೆಂಬುದಕ್ಕೆ ‘ಸಕ್ಸೀಡೆಡ್ ಟು’ ಸಲ್ಲುತ್ತದೆ. ‘ಸಕ್ಸೀಡೆಡ್ ಇನ್’ ಎಂಬುದು ಪರೀಕ್ಷೆಯಲ್ಲೋ ಪ್ರಯತ್ನದಲ್ಲೋ ಯಶಸ್ವಿಯಾದರೆಂಬ ಮಾತು.

ದಾನಿಗಳ ಪತ್ರಗಳಲ್ಲಿ ನುಸುಳಬಹುದಾದ ಪ್ರಯೋಗವೊಂದನ್ನು ಇಲ್ಲಿಯೇ ಹೇಳುವುದು ಉಚಿತ. ದಿವಂಗತ ತಂದೆಯ ಹೆಸರಿನಲ್ಲಿ ದತ್ತಿನಿಧಿ ಇಡುವ ಸದ್ಭಾವನೆಯಿಂದ ‘ಡಿಪಾಜಿಟೆಡ್ ಇನ್ ದ ನೇಮ್ ಆಫ್ ಮೈ ಫಾದರ್’ ಎಂದು ಬರೆದರೆ, ಠೇವಣಿಯ ಖಾತೆದಾರರೇ ಆ ಹಿರಿಯರೆಂದು ಬ್ಯಾಂಕಿನವರು ಓದಿಕೊಳ್ಳುತ್ತಾರೆ. ಸ್ಮರಣಾರ್ಥವೆಂಬ ಭಾವಕ್ಕೆ ‘ಇನ್ ಮೆಮರಿ ಆಫ್’ ಎಂಬುದೇ ತಕ್ಕದ್ದು. ಪ್ರಸಾದನಿಲಯದ ಕೋಣೆಗೆ ಅವರ ಹೆಸರಿಟ್ಟರೆ ‘ನೇಮ್ಡ್ ಆಫ್ಟರ್’ ಎನ್ನಬೇಕು.

ಇದನ್ನೆಲ್ಲ ಕಲಿಸುವ ಬಗೆ ಯಾವುದು? ಉಪಸರ್ಗಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಹಳೆಯ ರೂಢಿ. ಪರೀಕ್ಷೆ ಮುಗಿದ ಮರುದಿನ ಪಟ್ಟಿ ಮರೆತುಹೋಗುತ್ತದೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದ ಎ. ಎಸ್. ಹಾರ್ನ್‌ಬಿಯವರು ಸಂಗಡಿಗರೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಅಲ್ಲಿಯೇ ಅಚ್ಚಾಯಿತು. ಮುಂದೆ ಅದೇ ಆಕ್ಸ್‌ಫರ್ಡಿನ ಪ್ರಸಿದ್ಧ ವಿದ್ಯಾರ್ಥಿ ನಿಘಂಟಾಯಿತು. ಕ್ರಿಯಾಪದದ ಅರ್ಥವನ್ನಷ್ಟೇ ಕೊಟ್ಟರೆ ಸಾಲದು, ಅದು ವಾಕ್ಯದಲ್ಲಿ ಯಾವ ರೀತಿ ನಿಲ್ಲುತ್ತದೆಂಬುದನ್ನೂ ತೋರಿಸಬೇಕೆಂಬುದು ಅದರ ಹಿಂದಿನ ವಿಚಾರ. ಹೊರಗಿನವರಾಗಿ ಇಂಗ್ಲಿಷ್ ಕಲಿಯುವವರಿಗಾಗಿಯೇ ರಚಿತವಾದ ಆ ನಿಘಂಟು ಇಲ್ಲಿಯ ಮಕ್ಕಳಿಗೂ ಒದಗುತ್ತದೆ. ಹೈದರಾಬಾದಿನಲ್ಲಿ 1958ರಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದ ವಿ. ಕೃ. ಗೋಕಾಕರು 1909ರಲ್ಲಿ ಸವಣೂರಿನಲ್ಲಿಯೇ ಜನಿಸಿದವರು. ಆಕ್ಸ್‌ಫರ್ಡಿನಲ್ಲಿ ಓದಿ ಇಂಗ್ಲಿಷ್ ಕಲಿಸಿದ ಅವರೇ, 1980ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರಾಗಿ, ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಸಲ್ಲಬೇಕೆಂದು ಶಿಫಾರಸು ಮಾಡಿದರು. ಒಂದು ಭಾಷೆಯ ಬಲದಿಂದ ಮತ್ತೊಂದನ್ನು ಕಲಿಯಬಹುದೆಂಬುದಕ್ಕೆ ಈ ಭಾಗದವರು ದೂರದ ಉದಾಹರಣೆ ಹುಡುಕಬೇಕಾಗಿಲ್ಲ.

ತರಗತಿಯಲ್ಲಿ ಕನ್ನಡದ ಕ್ರಿಯಾಪದದಿಂದಲೇ ಆರಂಭಿಸುವುದು ಒಂದು ಒಳ್ಳೆಯ ಉಪಾಯ. ‘ಕೇಳು’ ಎಂಬ ಒಂದೇ ಪದವನ್ನು ಕಪ್ಪುಹಲಗೆಯ ನಡುವೆ ಬರೆಯಬಹುದು. ಗುಡುಗು ಕೇಳಿತು, ಗುರುಗಳ ಮಾತನ್ನು ಕೇಳಿದನು, ಪ್ರಶ್ನೆ ಕೇಳಿದನು, ಪುಸ್ತಕ ಕೇಳಿದನು ಎಂಬ ನಾಲ್ಕು ವಾಕ್ಯಗಳನ್ನು ಮಕ್ಕಳೇ ಕೊಡುತ್ತಾರೆ. ಗುಡುಗಿಗೆ ‘ಹರ್ಡ್’, ಅಲ್ಲಿ ಉಪಸರ್ಗವಿಲ್ಲ. ಗುರುಗಳ ಮಾತಿಗೆ ‘ಲಿಸನ್ಡ್ ಟು’, ‘ಟು’ ಬಿಡುವಂತಿಲ್ಲ. ಪ್ರಶ್ನೆಗೆ ‘ಆಸ್ಕ್ಡ್’ ಒಂದೇ ಸಾಕು. ಪುಸ್ತಕ ಬೇಕಾದರೆ ‘ಆಸ್ಕ್ಡ್ ಫಾರ್’. ಯಾರನ್ನು ಕೇಳಿದನು ಎಂದು ಮುಂದೆ ಪ್ರಶ್ನಿಸಿದಾಗ ತರಗತಿಯ ಬಹುಪಾಲು ಕೈಗಳು ಮೇಲೇಳುತ್ತವೆ, ಬಹುಪಾಲು ಉತ್ತರಗಳಲ್ಲಿ ‘ಆಸ್ಕ್ಡ್ ಟು ದ ಟೀಚರ್’ ಇರುತ್ತದೆ. ಆ ‘ಟು’ವನ್ನು ಒರೆಸುವ ಕೆಲಸವನ್ನು ಶಿಕ್ಷಕರು ತಾವು ಮಾಡದೆ, ಉತ್ತರ ಹೇಳಿದ ಹುಡುಗನನ್ನೇ ಹಲಗೆಯ ಬಳಿ ಕರೆದು ಅವನ ಕೈಗೆ ಒರಸುವ ಬಟ್ಟೆಯನ್ನು ಕೊಡಬೇಕು.