ಪುಕ್ಕಟೆ ಶಿಕಾರಿ ಲೈಸೆನ್ಸ್ ಕೇಳುವವರಿಗೆ: ಜಿಡಗಾದ ಮಾಜಿ ಸೈನಿಕನ ಏಳು ಪಾಠ

ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಕೂತಿದ್ದೆವು. ಡಲ್ಲಾಸ್‌ನಿಂದ ರಜೆಗೆ ಬಂದ ತಂಗಿಯ ಮಗ ಕೇಳಿದ: “ಮಾಮಾ, ನಮ್ಮ ಟೆಕ್ಸಾಸ್‌ನ್ಯಾಗ ಸೈನ್ಯದಾಗ ಅರ್ಧಕ್ಕರ್ಧ ಊನ ಆದವರಿಗೆ ಶಿಕಾರಿ ಲೈಸೆನ್ಸ್ ಪುಕ್ಕಟೆ ಕೊಡ್ತಾರ. ನಿಮಗೂ ಹಂಥಾದ್ದು ಏನರೆ ಅದ ಏನು?” ನಾನು ಉತ್ತರ ಕೊಡುವ ಮೊದಲೇ ಪಕ್ಕದ ಹೊಲದ ಕಾಕಾ ಬಾಯಿ ಹಾಕಿದರು: “ಇದ್ರ ನಮಗೂ ಒಂದು ಕೊಡಸಪಾ. ಹಂದಿ ಕಡ್ಲಿ ಹೊಲ ಹೆಂಗ ಮಾಡ್ಯಾವ ನೋಡು.” ಅಲ್ಲೇ ಮಾರು ದೂರದಲ್ಲಿ ನೆಲ ಉತ್ತಂತೆ ಕೆದರಿತ್ತು.

ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ರಂಗರೂಟ್ ಆಗಿ ಸೇರಿ ಹವಾಲ್ದಾರನಾಗಿ ಊರಿಗೆ ಬಂದವನು ನಾನು. ಆಳಂದ ಸುತ್ತಲಿನ ಹಳ್ಳಿಗಳ ನನ್ನಂಥವರಿಗೆ ಪಿಂಚಣಿ, ಗುರುತಿನ ಚೀಟಿ, ಬಂದೂಕಿನ ಅರ್ಜಿ ಬರೆದುಕೊಡುತ್ತ ಬಂದಿದ್ದೇನೆ. ಕಲಿತದ್ದು ಇಷ್ಟು.

1. ಶಿಕಾರಿಯ ಲೈಸೆನ್ಸ್ ನಮ್ಮ ದೇಶದಲ್ಲಿ ಯಾರಿಗೂ ಇಲ್ಲ

ಹಿಂದೆ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ದೊಡ್ಡ ಬೇಟೆಗೊಂದು, ಸಣ್ಣ ಬೇಟೆಗೊಂದು ಎಂದು ಲೈಸೆನ್ಸ್ ಕೊಡುವ ಏರ್ಪಾಡಿತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಹಾಗಾಗಿ ಪುಕ್ಕಟೆಯೋ ರೊಕ್ಕಕ್ಕೋ ಎಂಬ ಮಾತೇ ಏಳುವುದಿಲ್ಲ. ಈಗ ಸಿಗುವುದು 1959ರ ಆಯುಧ ಕಾಯ್ದೆಯಡಿ ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್. ಎರಡೂ ಒಂದೇ ಎಂದು ತಿಳಿದವರು ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು.

2. ಊರಿನವರು ‘ಮಿಲಿಟ್ರಿ’ ಎಂದು ಕರೆದವರೆಲ್ಲ ಮಾಜಿ ಸೈನಿಕರಲ್ಲ

ನಮ್ಮ ಕಡೆ ಹಸಿರು ಪ್ಯಾಂಟು ಹಾಕಿ ರಜೆಗೆ ಬಂದವನೆಲ್ಲ ಮಿಲಿಟ್ರಿಯವನೇ. ಕಾಗದದ ಲೆಕ್ಕ ಬೇರೆ. ಭೂಸೇನೆ, ನೌಕಾಪಡೆ, ವಾಯುಪಡೆಯಿಂದ ಪಿಂಚಣಿ ಪಡೆದು ಬಂದವರು, ಸೇವೆಯಿಂದಲೇ ಆದ ಗಾಯ ಅಥವಾ ರೋಗದಿಂದ ಪಿಂಚಣಿಯ ಮೇಲೆ ಬಿಡುಗಡೆಯಾದವರು, ಗೊತ್ತುಪಡಿಸಿದ ಅವಧಿ ಮುಗಿಸಿ ಗ್ರಾಚ್ಯುಟಿ ಪಡೆದವರು ಮಾಜಿ ಸೈನಿಕರು. ಪಿಂಚಣಿಗೆ ಮೊದಲೇ ತಾನಾಗಿ ಬಿಟ್ಟು ಬಂದವನು ಅಲ್ಲ. ಶಿಸ್ತಿನ ಮೇಲೆ ತೆಗೆದುಹಾಕಿಸಿಕೊಂಡವನಂತೂ ಅಲ್ಲವೇ ಅಲ್ಲ.

ಗಡಿಯಲ್ಲಿ ಇಪ್ಪತ್ತು ವರ್ಷ ನಿಂತ ಬಿಎಸ್‌ಎಫ್‌ನ ಹಿರಿಯರೊಬ್ಬರು ಒಮ್ಮೆ ನನ್ನ ಕಟ್ಟೆಗೆ ಬಂದರು. “ನಾ ಗಡಿ ಕಾಯ್ದಿಲ್ಲೇನು? ನಿನ್ನ ಕಾರ್ಡು ನನಗ್ಯಾಕ ಇಲ್ಲ?” ಎಂದರು. ಬಿಎಸ್‌ಎಫ್, ಸಿಆರ್‌ಪಿಎಫ್ ಗೃಹ ಸಚಿವಾಲಯದ ಕೆಳಗೆ ಬರುತ್ತವೆ. 2012ರಲ್ಲಿ ಅವರಿಗೆ ಮಾಜಿ ಕೇಂದ್ರೀಯ ಸಶಸ್ತ್ರ ಪೊಲೀಸ್ ಸಿಬ್ಬಂದಿ ಎಂಬ ಬೇರೆ ಹೆಸರು ಕೊಟ್ಟರು. ಇದನ್ನು ಹೇಳಿದಾಗ ಅವರು ಚಹಾ ಪೂರಾ ಕುಡಿಯದೇ ಎದ್ದರು. ಇನ್ನು ಮುಂದೆ ಬರುವವರು ಅಗ್ನಿವೀರರು. 2022ರ ಯೋಜನೆಯಡಿ ನಾಲ್ಕು ವರ್ಷ ದುಡಿದು ಮರಳುವ ಹುಡುಗರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕನ ದರ್ಜೆಯೂ ಇಲ್ಲ. ಅವರ ತಂದೆತಾಯಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

3. ಅರ್ಜಿಗೆ ಮೊದಲು ಹೆಸರು ಸರಿಮಾಡಿಕೊಳ್ಳಿ

ನನ್ನದೇ ಅರ್ಜಿ ಆರು ತಿಂಗಳು ಕೂತದ್ದು ಒಂದು ಅಕ್ಷರಕ್ಕೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅಪ್ಪನ ಹೆಸರಿನ ಕೊನೆಗೆ ‘ಪ್ಪ’, ಆಧಾರಿನಲ್ಲಿ ಬರೀ ‘ಪ’. ಭರ್ತಿಯ ದಿನ ಹಿಂದಿ ಬಲ್ಲ ಕ್ಲರ್ಕ್ ಕೇಳಿದಂತೆ ಬರೆದ, ಹದಿನೆಂಟರ ಹುಡುಗ ನಾನು ನೋಡದೇ ಸಹಿ ಹಾಕಿದೆ. ತಪ್ಪು ನನ್ನದು. ಈಗ ಯಾರೇ ಬರಲಿ, ಡಿಸ್ಚಾರ್ಜ್ ಬುಕ್, ಪಿಪಿಓ (ಪಿಂಚಣಿ ಆದೇಶ), ಆಧಾರ್ ಮೂರನ್ನೂ ಚಾಪೆಯ ಮೇಲೆ ಸಾಲಾಗಿ ಇಡಿಸಿ ಅಕ್ಷರಕ್ಕೆ ಅಕ್ಷರ ಓದಿಸುತ್ತೇನೆ.

4. ಸೇವೆ ಮಾಡಿದ್ದನ್ನಲ್ಲ, ಬಂದೂಕು ಯಾಕೆ ಬೇಕೆಂಬುದನ್ನು ಬರೆಯಿರಿ

ಬಂದೂಕಿಗೆ ಅರ್ಜಿ ಹಾಕಲು ಮಾಜಿ ಸೈನಿಕನೇ ಆಗಬೇಕಿಲ್ಲ. ವಯಸ್ಸು 21 ದಾಟಿದ ಯಾವ ನಾಗರಿಕನೂ ಹಾಕಬಹುದು. ಪೊಲೀಸರ ವರದಿ ಬಂದ ಮೇಲೆ ತೀರ್ಮಾನ ಜಿಲ್ಲಾ ದಂಡಾಧಿಕಾರಿಯದು, ಅಂದರೆ ಡಿಸಿ ಸಾಹೇಬರದು. ಆಯುಧ ಕಾಯ್ದೆಯ 13ನೇ ಕಲಂ ಎರಡು ಸಾದಾ ಆಯುಧಗಳನ್ನು ಬೇರೆಯಾಗಿ ಹೆಸರಿಸುತ್ತದೆ: ರಕ್ಷಣೆಗೆ ಇಲ್ಲವೇ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನಯ ನಳಿಕೆ ಬಂದೂಕು, ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕು. ನಮ್ಮವರಿಗೆ ಹೆಚ್ಚಾಗಿ ಬೇಕಾಗುವುದು ಜೋಡು ನಳಿಕೆಯ ಹನ್ನೆರಡು ಬೋರು, ಅದೂ ಬ್ಯಾಂಕಿನ ಬಾಗಿಲಲ್ಲಿ ಗಾರ್ಡ್ ಆಗಿ ನಿಲ್ಲಲು. ಹಾಗಿದ್ದರೆ ಹಾಗೆಂದೇ ಬರೆಯಿರಿ. ‘ದೇಶಸೇವೆ ಮಾಡಿದ್ದೇನೆ, ಆದ್ದರಿಂದ ಕೊಡಿ’ ಎಂದು ಬರೆದರೆ ಕಾರಣದ ಕಾಲಂ ಖಾಲಿ ಬಿಟ್ಟಂತೆ.

5. ಕೊಡಗಿನ ಮಾತು ತಂದು ವಾದ ಮಾಡಬೇಡಿ

“ಕೊಡಗಿನಾಗ ಲೈಸೆನ್ಸೇ ಬ್ಯಾಡಂತ್ರೀ” ಎನ್ನುವವರು ಪ್ರತಿ ಊರಲ್ಲಿ ಒಬ್ಬರಿರುತ್ತಾರೆ. ಮಾತು ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ನಿವೃತ್ತ ಕ್ಯಾಪ್ಟನ್ ಒಬ್ಬರು ಪ್ರಶ್ನಿಸಿದಾಗ 2021ರಲ್ಲಿ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಜಮ್ಮಾ ಎಂದರೆ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ಕೊಟ್ಟ ಭೂಮಿ. ಸೈನಿಕ ಎಂಬ ಕಾರಣಕ್ಕೆ ಲೈಸೆನ್ಸ್ ಇಲ್ಲದ ಬಂದೂಕು ನಮ್ಮ ನಾಡಿನಲ್ಲಿ ಎಲ್ಲಾದರೂ ಇದ್ದರೆ ಅದು ಅಲ್ಲಿ. ಆದರೆ ಅದು ಆ ನೆಲಕ್ಕೂ ಆ ಜನಕ್ಕೂ ಅಂಟಿದ ಹಕ್ಕು, ಜಿಡಗಾದವರೆಗೆ ಬರುವುದಿಲ್ಲ. ಬೇಟೆಯ ಹಕ್ಕಂತೂ ಅವರಿಗೂ ಇಲ್ಲ.

6. ಹಂದಿಗೆ ಗುಂಡು ಹೊಡೆಯುವ ಅಪ್ಪಣೆ ಬಂದೂಕಿನ ಜೊತೆ ಬರುವುದಿಲ್ಲ

ಚಿಗರಿ, ಅಂದರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಹೊಡೆದರೆ ಕಡಿಮೆಯೆಂದರೂ ಮೂರು ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಕಾಡು ಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಮೈಮೇಲೆ ಬಂದ ಪ್ರಾಣಿಯನ್ನು ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಓಣಿಯವರು ಪಾಲು ಹಾಕಿಕೊಂಡರೆ ಅಲ್ಲಿಂದ ಬೇರೆ ಕೇಸು. ಶಿಕ್ಷೆಯಾದರೆ ಕೋರ್ಟು ಬಂದೂಕಿನ ಲೈಸೆನ್ಸ್ ರದ್ದುಮಾಡಿ ಐದು ವರ್ಷ ಮತ್ತೆ ಸಿಗದಂತೆ ಮಾಡಬಹುದು. ಗಾರ್ಡ್ ಕೆಲಸದ ಅನ್ನವೂ ಅಲ್ಲಿಗೆ ಮುಗಿಯಿತು.

ಬೇಲಿಗೆ ಕರೆಂಟ್ ಕೊಡುವವರಿಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಆ ತಂತಿಗೆ ಹಂದಿ ಯಾವುದು, ನೀರು ಕಟ್ಟಲು ರಾತ್ರಿ ಬಂದ ಮಗ ಯಾರು ಎಂಬುದು ತಿಳಿಯುವುದಿಲ್ಲ. ಹಾಳಾದ ಬೆಳೆಯ ಫೋಟೊ ತೆಗೆದು, ಪಹಣಿ ಹಿಡಿದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ.

7. ಖೋಕಾ ಎಣಿಸುವ ರೂಢಿ ಬಿಡಬೇಡಿ

ಸೈನ್ಯದ ಫೈರಿಂಗ್ ರೇಂಜಿನಲ್ಲಿ ಹಾರಿಸಿದ ಪ್ರತಿ ಗುಂಡಿನ ಖಾಲಿ ಖೋಕಾ ಹುಡುಕಿ ಲೆಕ್ಕ ಒಪ್ಪಿಸಬೇಕು. ಒಂದು ಕಡಿಮೆಯಾದರೂ ಇಡೀ ಪ್ಲಟೂನ್ ಬಿಸಿಲಲ್ಲಿ ಮಂಡಿಯೂರಿ ಹುಲ್ಲು ಜಾಲಾಡುತ್ತದೆ. ಕೊನೆಗೆ ಸಾಲಾಗಿ ನಿಂತು ನನ್ನ ಹತ್ತಿರ ಗುಂಡಿಲ್ಲ, ಖೋಕಾ ಇಲ್ಲ ಎಂದು ಹೇಳಿ, ಬಂದೂಕನ್ನು ಕೋತ್‌ಗೆ, ಅಂದರೆ ಆಯುಧದ ಕೋಣೆಗೆ, ಜಮಾ ಮಾಡಿದ ಮೇಲೆಯೇ ಊಟ. ಮನೆಯಲ್ಲಿ ಕೋತ್ ಇಲ್ಲ, ಲೆಕ್ಕ ಕೇಳುವ ಉಸ್ತಾದ್ ಇಲ್ಲ. ಎರಡೂ ನಾವೇ ಆಗಬೇಕು. ಬಂದೂಕು ಒಂದು ಕಪಾಟಿನಲ್ಲಿ, ತೋಟಾ ಇನ್ನೊಂದರಲ್ಲಿ, ಕೀಲಿಕೈ ನಮ್ಮ ಉಡದಾರದಲ್ಲಿ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಐದು ವರ್ಷವಾಗಿದೆ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕಿಲ್ಲ. ಚುನಾವಣೆ ಬಂದಾಗ ಜಮಾ ಮಾಡಿರೆಂದು ಹೇಳಿದರೆ ಠಾಣೆಯಲ್ಲಿ ಇಟ್ಟು ರಸೀದಿ ತೆಗೆದುಕೊಳ್ಳಿ. ಅದಕ್ಕೆ ಮುಖ ಸಣ್ಣದು ಮಾಡಬೇಕಾಗಿಲ್ಲ. ಹದಿನೇಳು ವರ್ಷ ದಿನಾ ಸಂಜೆ ಮಾಡಿದ ಕೆಲಸವೇ ಅದು.

ಆ ಎಳ್ಳಮಾಸಿಯ ರಾತ್ರಿ ಅಳಿಯ ನನ್ನ ಜೊತೆ ಕಾವಲಿಗೆ ಬಂದ. ಮಂಚಿಗೆ ಹತ್ತಿ ಕೂತೆವು. ಸರಿರಾತ್ರಿಗೆ ಕಡಲೆಯಲ್ಲಿ ಗುರ್ ಎಂಬ ಸದ್ದು. ಅವನು ನನ್ನ ಭುಜ ಹಿಡಿದು ಪಿಸುಗುಟ್ಟಿದ: “ಮಾಮಾ, ಬಂದೂಕು?” “ಮನ್ಯಾಗದ, ಕೀಲಿ ಹಾಕೀನಿ” ಎಂದೆ. ಕೈಗೆ ಕಟ್ಟಿಗೆ ಕೊಟ್ಟು, ಎಣ್ಣಿ ಡಬ್ಬಿ ಮುಂದಿಟ್ಟೆ. ಅವನು ಬಡಿದ ಬಡಿತಕ್ಕೆ ಪಕ್ಕದ ಹೊಲದ ಕಾಕಾ ಎದ್ದು ಕೂಗಿದರು. ಹಂದಿಗಳು ಹಳ್ಳ ದಾಟಿದವು. ಬೆಳಗಿನ ತನಕ ನನಗೆ ಎಣಿಸಲು ಒಂದು ಖೋಕಾವೂ ಇರಲಿಲ್ಲ.