ಕ್ಯಾಮೆರಾದ ಚಿತ್ರ ಎಷ್ಟು ದಿನ ಉಳಿಯಬೇಕು?



ಬೇಸಿಗೆ ರಜೆ ಬಂತೆಂದರೆ ನೊಯ್‌ಬಿಬರ್ಗ್ ಮತ್ತು ಸುತ್ತಮುತ್ತಲಿನ ನಮ್ಮ ಕುಟುಂಬಗಳು ಮನೆಗೆ ಬೀಗ ಹಾಕಿ ಮೂರು ನಾಲ್ಕು ವಾರ ಊರಿಗೆ ಹೊರಡುವುದು ವಾಡಿಕೆ. ಮನೆ ಕಾಯಲೆಂದು ಕ್ಯಾಮೆರಾ, ರೆಕಾರ್ಡರ್ ಹಾಕಿಸುವವರೂ ಉಂಟು. ಚಿತ್ರ ಎಷ್ಟು ದಿನ ಉಳಿಯುತ್ತದೆ ಎಂದು ಕೇಳಿದರೆ ಸಾಮಾನ್ಯ ಉತ್ತರ, "ಡಿಸ್ಕ್ ತುಂಬುವವರೆಗೆ". ಅಂದರೆ ನಾವು ಮಾಡಬೇಕಾದ ತೀರ್ಮಾನವನ್ನು ಡಿಸ್ಕ್‌ಗೆ ಬಿಟ್ಟಂತಾಯಿತು. ಅದನ್ನು ನಮ್ಮ ಕೈಗೆ ತೆಗೆದುಕೊಳ್ಳುವುದು ಹೇಗೆ ಎಂಬುದು ಈ ಸಲದ ಪಾಠ.

ಮೊದಲು ಲೆಕ್ಕ. ಕ್ಯಾಮೆರಾ ಒಂದು ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣವನ್ನು ಬಿಟ್‌ರೇಟ್ ಎನ್ನುತ್ತಾರೆ. ದಿನಕ್ಕೆ 86,400 ಸೆಕೆಂಡು. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 1 ಮೆಗಾಬಿಟ್ ಬಿಟ್‌ರೇಟಿಗೆ ದಿನಕ್ಕೆ 10.8 ಗಿಗಾಬೈಟ್ ಜಾಗ ಬೇಕು. ಇದೊಂದು ಸಂಖ್ಯೆ ನೆನಪಿಟ್ಟರೆ ಸಾಕು. 4 ಮೆಗಾಬಿಟ್‌ನ ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ ಸುಮಾರು 173 ಗಿಗಾಬೈಟ್. 1 ಟೆರಾಬೈಟ್ ಡಿಸ್ಕ್ ಆರು ದಿನವೂ ಬಾರದು. ನಾಲ್ಕು ವಾರಕ್ಕೆ ಸುಮಾರು 5 ಟೆರಾಬೈಟ್ ಬೇಕು.

ಡಿಸ್ಕ್ ಬದಲಿಸದೆ ದಿನ ಹೆಚ್ಚಿಸಲು ಎರಡು ದಾರಿಗಳಿವೆ. ಹಳೆಯ ಎಚ್.264 ಬದಲು ಎಚ್.265 ಆರಿಸಿ, ಅದಕ್ಕೆ ತಕ್ಕಂತೆ ಬಿಟ್‌ರೇಟ್ ಇಳಿಸಿದರೆ ಅದೇ ಗುಣಮಟ್ಟದ ಚಿತ್ರಕ್ಕೆ ಸುಮಾರು ಅರ್ಧ ಜಾಗ ಸಾಕು. ಅಥವಾ ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಹೊಂದಿಸಬಹುದು. ಆದರೆ ಅಲುಗಾಡುವ ಮರ, ಬೀಳುವ ಹಿಮವೂ ಯಂತ್ರಕ್ಕೆ ಚಲನೆಯೇ. ಬಾಗಿಲು, ಕಿಟಕಿಗಳ ಭಾಗವನ್ನಷ್ಟೇ ಗುರುತಿಸಿ ಕೊಡಬೇಕು.

ಈಗ ಕಾನೂನು. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಜನ ಸೇರುವ ಸಂಸ್ಥೆಗಳು 30 ದಿನದ ಚಿತ್ರ ಇಟ್ಟಿರಬೇಕು. ಜರ್ಮನಿಯಲ್ಲಿ ದಿಕ್ಕೇ ಬೇರೆ. ಡಿಎಸ್‌ಜಿವಿಓ ಎಂದು ಕರೆಯುವ, 2018ರ ಮೇ 25ರಿಂದ ಅನ್ವಯವಾದ ಮಾಹಿತಿ ರಕ್ಷಣಾ ನಿಯಮ ಹೇಳುವುದು, ಉದ್ದೇಶಕ್ಕೆ ಬೇಕಾದಷ್ಟು ಕಾಲ ಮಾತ್ರ ಇಡಿ ಎಂದು. ಇಲ್ಲಿನ ಮಾಹಿತಿ ರಕ್ಷಣಾ ಅಧಿಕಾರಿಗಳು ಸಾಮಾನ್ಯವಾಗಿ 72 ಗಂಟೆ ಸಾಕೆನ್ನುತ್ತಾರೆ. ಅದಕ್ಕಿಂತ ಹೆಚ್ಚು ಇಟ್ಟರೆ ಕಾರಣ ತೋರಿಸಬೇಕು.

ನಮ್ಮ ಮನೆ, ನಮ್ಮ ತೋಟ ಮಾತ್ರ ಕಾಣುವ ಖಾಸಗಿ ಕ್ಯಾಮೆರಾಕ್ಕೆ ಈ ನಿಯಮ ತಗಲುವುದಿಲ್ಲ. ರಜೆಯ ನಾಲ್ಕು ವಾರ ಇಟ್ಟರೂ ಅಡ್ಡಿಯಿಲ್ಲ. ಆದರೆ ರಸ್ತೆ ಕಂಡಿತೋ, ವಿನಾಯಿತಿ ಹೋಯಿತು. ಯುರೋಪಿನ ನ್ಯಾಯಾಲಯ 2014ರ ಡಿಸೆಂಬರ್ 11ರಂದು ಜೆಕ್ ದೇಶದ ರೀನೆಶ್ ಎಂಬವರ ಪ್ರಕರಣದಲ್ಲಿ, ಹಿಂದಿನ ಕಾನೂನಿನ ಅಡಿಯಲ್ಲೇ ಹೀಗೆ ತೀರ್ಪಿತ್ತಿತು. ಪಕ್ಕದ ಮನೆಯವರ ಅಂಗಳ, ಎಲ್ಲರೂ ಬಳಸುವ ಮೆಟ್ಟಿಲು ಕಾಣದಂತೆ ಕ್ಯಾಮೆರಾ ತಿರುಗಿಸುವುದು ಮೊದಲ ಕೆಲಸ. ಧ್ವನಿ ದಾಖಲೆಯನ್ನು ನಿಲ್ಲಿಸಿಬಿಡಿ; ಇತರರ ಖಾಸಗಿ ಮಾತನ್ನು ಅನುಮತಿಯಿಲ್ಲದೆ ಧ್ವನಿಮುದ್ರಿಸುವುದು ಇಲ್ಲಿ ಅಪರಾಧ.

ದೇವಸ್ಥಾನ ಅಥವಾ ಪೂಜೆಯ ಸಭಾಂಗಣ ಯಾರೊಬ್ಬರ ಮನೆಯಲ್ಲ. ಅಲ್ಲಿ ನಿಯಮ ಪೂರ್ತಿ ಅನ್ವಯ. ಬಾಗಿಲಲ್ಲೇ ಫಲಕ ಬೇಕು. ಚಿತ್ರ ಯಾರು ನೋಡಬಹುದೆಂದು ಬರೆದಿಡಬೇಕು. ಕ್ಯಾಮೆರಾ ಹುಂಡಿಯ ಕಡೆ ಇರಲಿ, ಕೈಮುಗಿದು ಕುಳಿತವರ ಕಡೆ ಬೇಡ. ಭಾನುವಾರದ ಪೂಜೆಯ ಚಿತ್ರ ಬುಧವಾರಕ್ಕೆ ಅಳಿಸಿಹೋಗುತ್ತದೆ. ಏನೋ ಕಾಣೆಯಾಗಿದೆ ಎಂದು ಮುಂದಿನ ಭಾನುವಾರ ತಿಳಿದರೆ ಪ್ರಯೋಜನವಿಲ್ಲ. ಆದ್ದರಿಂದ ಅಂದೇ ಸಂಜೆ ಹುಂಡಿ, ಬೆಳ್ಳಿ ಪಾತ್ರೆಗಳನ್ನು ನೋಡಿಯೇ ಬೀಗ ಹಾಕುವ ಪದ್ಧತಿ ಇರಬೇಕು.

ಹಾಗಾದರೆ ಮಾಡಬೇಕಾದದ್ದು:

1. ರೆಕಾರ್ಡರಿನಲ್ಲಿ ದಿನಗಳ ಮಿತಿ ಹಾಕಿ. ಡಿಸ್ಕ್ ತುಂಬಿದಾಗ ನಿಲ್ಲದೆ ಹಳೆಯದರ ಮೇಲೆ ಬರೆಯುವಂತಿರಲಿ.

2. ಏನಾದರೂ ನಡೆದರೆ ಆ ಭಾಗವನ್ನಷ್ಟೇ ಕೂಡಲೇ ಬೇರೆಡೆ ನಕಲು ಮಾಡಿ ಪೊಲೀಸರಿಗೆ ಕೊಡಿ. ಕೆಲಸ ಮುಗಿದ ಮೇಲೆ ನಕಲನ್ನೂ ಅಳಿಸಿ.

3. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ರೆಕಾರ್ಡರಿನ ಸಮಯ ಸರಿಯಿದೆಯೇ ನೋಡಿ.

4. ಊರಿಗೆ ಹೊರಡುವ ಮುನ್ನ ಅತ್ಯಂತ ಹಳೆಯ ಚಿತ್ರ ಯಾವ ದಿನದ್ದೆಂದು ತೆರೆದು ನೋಡಿ. ಲೆಕ್ಕ ಸರಿಯಾಯಿತೋ ಇಲ್ಲವೋ ಅದೇ ಹೇಳುತ್ತದೆ.

ಇಷ್ಟೆಲ್ಲ ಆದರೂ ಕ್ಯಾಮೆರಾ ಕಳ್ಳನನ್ನು ತೋರಿಸೀತು, ಹಿಡಿಯಲಾರದು. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ಅಂಚೆ ಪೆಟ್ಟಿಗೆ ತೆರವು ಮಾಡಲು ಒಬ್ಬರನ್ನು ಗೊತ್ತುಮಾಡಿಯೇ ಹೊರಡೋಣ. ಎಲ್ಲರ ಪ್ರಯಾಣವೂ ಸುಖಕರವಾಗಲಿ.